ಮುಳವಾಡದಿಂದ ಮಲಪ್ರಭೆಯ ತಡಿಯವರೆಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುವರು. ಶಾಲೆಯಲ್ಲಿದ್ದಾಗ ನಾವೆಲ್ಲರೂ ಭೂಪಟದ ಮೇಲೆ ಬೆರಳಿಟ್ಟು ದೂರದ ನದಿಗಳ ಹೆಸರನ್ನೂ ಪರದೇಶದ ರಾಜಧಾನಿಗಳ ಹೆಸರನ್ನೂ ಬಾಯಿಪಾಠ ಮಾಡಿದವರೇ ಸರಿ. ಆದರೆ ನಮ್ಮ ಮನೆಯ ಬಾಗಿಲಿಂದ ಒಂದೆರಡು ಹಗಲಿನ ಹಾದಿಯಲ್ಲಿರುವ ಪುರಾತನ ಪಟ್ಟಣಗಳನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಈ ಕೊರತೆಯನ್ನು ನೀಗಿಸಿಕೊಳ್ಳಬೇಕೆಂಬ ಹಂಬಲ ನನಗೆ ಬಹುಕಾಲದಿಂದ ಇತ್ತು. ದೀಪಾವಳಿಯ ರಜೆಯಲ್ಲಿ ಅದು ಕೈಗೂಡಿತು. ಜೊತೆಗೆ ಬಂದವರು ನನ್ನ ಸೋದರತ್ತೆ, ಅವರ ಇಬ್ಬರು ಹೆಣ್ಣುಮಕ್ಕಳು ಮತ್ತು ನನ್ನ ಅಣ್ಣ. ನಾಲ್ಕು ದಿನಗಳ ಈ ಪ್ರವಾಸದ ವೃತ್ತಾಂತವನ್ನು ಪ್ರಿಯ ಸೋದರಿಯರ ಮುಂದೆ ಇಡುತ್ತಿದ್ದೇನೆ.

ಮುಳವಾಡವು ಗದಗಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ರೈಲುಮಾರ್ಗದ ಮೇಲಿರುವ ಊರು. ಸುತ್ತಲೂ ಎರೆಭೂಮಿ, ಬಿಳಿಜೋಳದ ಹೊಲಗಳು. ನಮ್ಮ ಅಜ್ಜಂದಿರ ಕಾಲದಲ್ಲಿ ಮುಗಿಲನ್ನು ನಂಬಿದವರೇ ಇಲ್ಲಿಯ ಒಕ್ಕಲಿಗರೆಲ್ಲರೂ. ಈಗ ಮುಳವಾಡ ಏತ ನೀರಾವರಿ ಎಂಬ ಹೆಸರಿನ ಯೋಜನೆಯಿಂದ ಕೃಷ್ಣೆಯ ಹಿನ್ನೀರನ್ನು ಯಂತ್ರಗಳ ಮೂಲಕ ಮೇಲಕ್ಕೆತ್ತಿ ಕಾಲುವೆಗಳಿಗೆ ಹರಿಸುತ್ತಿದ್ದಾರೆ. ನಾಡಿನವರಿಗೆ ನಮ್ಮೂರಿನ ಹೆಸರು ಪರಿಚಯವಾದದ್ದು ಈ ನೀರಿನ ದೆಸೆಯಿಂದಲೇ. ಅಣ್ಣನ ಹೊಲಕ್ಕೂ ಅದು ಬಂದಿದೆ.

ಮೊದಲನೆಯ ದಿನ ರೈಲಿನಲ್ಲಿ ವಿಜಯಪುರಕ್ಕೆ ಹೋದೆವು. 2014ರವರೆಗೆ ಸರಕಾರಿ ಕಾಗದಗಳಲ್ಲಿ ಬಿಜಾಪುರವೆನಿಸಿಕೊಂಡಿದ್ದ ಪಟ್ಟಣವಿದು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಳಗುಮ್ಮಟವು ದೂರದಿಂದಲೇ ನಮ್ಮನ್ನು ಕರೆಯಿತು. ಅದರ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಅಷ್ಟು ದೊಡ್ಡ ಚಾವಣಿಗೆ ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಚೌಕವಾದ ಕೋಣೆಯನ್ನು ಮೇಲೆ ಹೋದಂತೆ ಕಿರಿದುಗೊಳಿಸಿ ಆ ಭಾರವನ್ನು ಗೋಡೆಗಳಿಗೆ ಒಪ್ಪಿಸುತ್ತವೆ. ಮೇಲಿನ ಪಡಸಾಲೆಯ ಒಂದು ಬದಿಯಲ್ಲಿ ಹುಡುಗಿಯರು ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ನಿಂತಿದ್ದ ಅತ್ತೆಯವರ ಕಿವಿಗೆ ಸ್ಪಷ್ಟವಾಗಿ ಮುಟ್ಟಿತು. ಅವರು ಮುಗುಳ್ನಕ್ಕರು.

ಅಲ್ಲಿಂದ ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು, ಕಮಾನುಗಳಷ್ಟೇ ಎದ್ದು ನಿಂತು ಮುಗಿಯದೆ ಉಳಿದ ಬಾರಾ ಕಮಾನು, ಇವೆಲ್ಲವನ್ನೂ ನೋಡಿದೆವು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು 1620ರಲ್ಲಿ ಕಟ್ಟಿದ ತಾಜ್ ಬಾವಡಿ. ಆದಿಲ್‌ಶಾಹಿ ಅರಸರು ಅರಮನೆ ಗೋರಿಗಳಿಗೆ ಎಷ್ಟು ಶ್ರಮಿಸಿದರೋ ನೀರಿಗೂ ಅಷ್ಟೇ ಶ್ರಮಿಸಿದರು. ತೊರವಿಯ ಕಡೆಯಿಂದ ನೆಲದೊಳಗೆ ಸುರಂಗವನ್ನು ಕೊರೆಸಿ ನೀರು ತಂದರು. 1651ರಲ್ಲಿ ಬೇಗಂ ತಲಾಬನ್ನು ಕಟ್ಟಿಸಿ ಅಲ್ಲಿಂದ ಕೊಳವೆಗಳ ಮೂಲಕ ಪಟ್ಟಣಕ್ಕೆ ಹರಿಸಿದರು. ಮಳೆ ಕಡಿಮೆಯಾದ ಈ ನೆಲದಲ್ಲಿ ರಾಜಧಾನಿಯೊಂದು ಬಾಳಿದ್ದು ಇಂಥ ವ್ಯವಸ್ಥೆಯ ಬಲದಿಂದ. 1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದ ತರುವಾಯ ಅದರ ವೈಭವ ಕುಂದಿತು.

ಎರಡನೆಯ ದಿನ ಬಾಡಿಗೆಯ ಮೋಟಾರಿನಲ್ಲಿ ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿಯನ್ನು ಕಂಡು ಆಲಮಟ್ಟಿಗೆ ಬಂದೆವು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಇಲ್ಲಿಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಕೆಲಸ ಮುಗಿದದ್ದು 2005ರಲ್ಲಿ. ಮರುವರ್ಷ ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಸಮರ್ಪಿಸಿದರು. ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲುವ ಆ ಜಲರಾಶಿಯ ಮುಂದೆ ನಿಂತಾಗ ಸಮುದ್ರವನ್ನು ನೋಡದ ನಮಗೆ ಸಮುದ್ರವೇ ಕಂಡಂತಾಯಿತು. ಬೆಳ್ಳಕ್ಕಿಗಳ ಸಾಲು, ತಂಗಾಳಿ, ತೆರೆಗಳ ಮೇಲೆ ಸಂಜೆಯ ಹೊಂಬಣ್ಣ! ಅಣ್ಣನು ಕೈಮುಗಿದನು. ಅತ್ತೆಯವರು ಮಾತ್ರ ಮಾತಾಡಲಿಲ್ಲ.

ಕಾರಣವನ್ನು ನಾನು ಬಲ್ಲೆ. ಅವರನ್ನು ಕೊಟ್ಟ ಊರು ಹಳೆಯ ಕೊಲ್ಹಾರ, ಮಡಕೆಯ ಮೊಸರಿಗೆ ಹೆಸರಾದ ಕೃಷ್ಣಾತೀರದ ಊರು. ಆಲಮಟ್ಟಿಯ ಹಿನ್ನೀರು ಏರಿದಾಗ ಅದು ಮುಳುಗಿತು. ಎತ್ತರದ ನೆಲದಲ್ಲಿ ಹೊಸ ಕೊಲ್ಹಾರ ಎದ್ದಿತು. ಬಾಗಲಕೋಟೆಯ ಬಹುಭಾಗಕ್ಕೂ ಇದೇ ಗತಿಯಾಗಿ ನವನಗರ ಹುಟ್ಟಿತು. ಅತ್ತೆಯವರ ಮಕ್ಕಳು ಆಡಿ ಬೆಳೆದ ಅಂಗಳ, ಅವರು ಹೆಜ್ಜೆ ಹೊರಗಿಟ್ಟು ಗಂಡನ ಮನೆಗೆ ನಡೆದ ಹೊಸ್ತಿಲು, ಎಲ್ಲವೂ ಇಂದು ನೀರಿನ ಅಡಿಯಲ್ಲಿವೆ. ಅಣ್ಣನ ಹೊಲಕ್ಕೆ ಏರಿ ಬಂದ ನೀರೂ ಅತ್ತೆಯವರ ಮನೆಯ ಮೇಲೆ ನಿಂತ ನೀರೂ ಒಂದೇ.

ಮರುದಿನ ಕೂಡಲಸಂಗಮ. ಕೃಷ್ಣೆಯನ್ನು ಮಲಪ್ರಭೆ ಕೂಡುವ ಪುಣ್ಯಸ್ಥಾನವಿದು. ನಾರಾಯಣಪುರದ ಜಲಾಶಯದ ನೀರು ಇಲ್ಲಿಯವರೆಗೂ ಹಬ್ಬಿರುವುದರಿಂದ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ದುಂಡಾದ ಗೋಡೆಯನ್ನು ಕಟ್ಟಿ ಅದನ್ನು ಕಾಪಾಡಿದ್ದಾರೆ. ಸುತ್ತಲೂ ನೀರಿರಲು ನಾವು ಮೆಟ್ಟಿಲಿಳಿದು ಒಣನೆಲದ ಮಂಟಪವನ್ನು ಮುಟ್ಟಿದೆವು. ಅತ್ತೆಯವರು ಗೋಡೆಯ ಮೇಲೆ ಕೈಯಿಟ್ಟು, “ಎಲ್ಲಾ ಮನಿಗೂ ಇಂಥಾ ಗ್ವಾಡಿ ಕಟ್ಟಾಕ ಆಗೂದಿಲ್ಲಲ್ಲವಾ ತಂಗಿ” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಅಣ್ಣನು ತಲೆತಗ್ಗಿಸಿ, “ಅತ್ತಿ, ನಿಮ್ಮ ಅಂಗಳದ ಮ್ಯಾಲಿಂದ ಬಂದ ನೀರು ಕುಡದು ನನ್ನ ಜ್ವಾಳ ಬೆಳದಾವು. ಮೊದಲ ರಾಶಿ ನಿಮ್ಮ ಮನಿಗೇ ಬರತೈತಿ” ಎಂದನು. ಅವನು ಆ ಮಾತನ್ನು ನಡೆಸಿಯೂ ಕೊಟ್ಟನು.

ಅಲ್ಲಿಂದ ಮಲಪ್ರಭೆಯ ಜಾಡು ಹಿಡಿದು ಐಹೊಳೆ, ಪಟ್ಟದಕಲ್ಲು, ಬಾದಾಮಿಗಳನ್ನು ಸಂದರ್ಶಿಸಿದೆವು. ಐಹೊಳೆಯ ಮೇಗುತಿ ಗುಡಿಯಲ್ಲಿ ಕ್ರಿ. ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದ ಸಂಗತಿ ನಮಗೆ ತಿಳಿದುಬರುವುದು ಅದರಿಂದ. ಬಾದಾಮಿಯ ಮೂರನೆಯ ಗುಹೆಯನ್ನು 578ರಲ್ಲಿ ಮಂಗಲೇಶನು ಪೂರೈಸಿದನು. ಕೆಂಬಂಡೆಗಳ ನಡುವೆ ಅಗಸ್ತ್ಯತೀರ್ಥದ ನೀರು ಹಸುರಾಗಿ ಮಲಗಿರುವ ನೋಟ ಮರೆಯತಕ್ಕದ್ದಲ್ಲ.

ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದ ನಮಗೆ ಪಟ್ಟದಕಲ್ಲು ವಿಶೇಷವಾಗಿ ಪ್ರಿಯವಾಗಬೇಕು. ಮಲಪ್ರಭೆಯು ಉತ್ತರಾಭಿಮುಖವಾಗಿ ಹರಿಯುವ ಆ ತಡಿಯಲ್ಲಿ, ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗಾಗಿ, ಪಟ್ಟದರಸಿ ಲೋಕಮಹಾದೇವಿಯು ಇಂದು ವಿರೂಪಾಕ್ಷವೆನಿಸುವ ದೇವಾಲಯವನ್ನು ಕಟ್ಟಿಸಿದಳು. ಆಕೆಯ ತಂಗಿ ತ್ರೈಲೋಕ್ಯಮಹಾದೇವಿಯು ಪಕ್ಕದಲ್ಲೇ ಇನ್ನೊಂದನ್ನು ಎತ್ತಿಸಿದಳು. ಶಿಲ್ಪಿಯಾದ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಅಲ್ಲಿ ಕಲ್ಲಿನಲ್ಲಿ ಬರೆದಿದ್ದಾರೆ. 1987ರಲ್ಲಿ ಈ ದೇವಾಲಯಗಳ ಸಮೂಹವು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸಾವಿರದ ಇನ್ನೂರು ವರುಷಗಳಾಚೆಗೂ ಆ ರಾಣಿಯನ್ನೂ ಆ ಕುಶಲಿಯನ್ನೂ ನಾವು ಹೆಸರು ಹಿಡಿದು ಕರೆಯುವೆವು. ಅದಕ್ಕೆ ಕಾರಣ ಯಾರೋ ಒಬ್ಬರು ಮರೆಯದೆ ಬರೆದಿಟ್ಟದ್ದು.

ಈ ವಿಚಾರವೇ ಮನೆಗೆ ಮರಳುವ ಹಾದಿಯುದ್ದಕ್ಕೂ ನನ್ನೊಡನೆ ಬಂದಿತು. ಕೊರ್ತಿ ಕೊಲ್ಹಾರದ ನೀಳವಾದ ಸೇತುವೆಯ ಮೇಲೆ ಅತ್ತೆಯವರ ಹಿರಿಯ ಮಗಳು, “ಅವ್ವಾ, ನಮ್ಮ ಓಣಿ ಎಲ್ಲಿತ್ತು?” ಎಂದು ಕೇಳಿದಳು. ಅತ್ತೆಯವರು ನೀರಿನತ್ತ ಬೆರಳು ಮಾಡಿ ಓಣಿಯನ್ನೂ, ಬಾವಿಯನ್ನೂ, ನೆರೆಯ ಮನೆಗಳನ್ನೂ ಸಾಲಾಗಿ ಹೇಳುತ್ತ ಹೋದರು. ನಾನು ಕೈಯಲ್ಲಿದ್ದ ಪುಸ್ತಕದಲ್ಲಿ ಬರೆದುಕೊಂಡೆನು. ಆ ರಾತ್ರಿ ಮುಳವಾಡದಲ್ಲಿ ನಾವೆಲ್ಲರೂ ಕೂಡಿ ಹಳೆಯ ಓಣಿಯ ನಕಾಶೆಯೊಂದನ್ನು ತೆಗೆದೆವು. ಇಪ್ಪತ್ತಮೂರು ಮನೆಗಳು ಸಿಕ್ಕವು.

ಪ್ರಿಯ ಸೋದರಿಯರೇ, ಗಂಡಸಿಗೆ ಊರು ಒಂದಾದರೆ ಹೆಂಗಸಿಗೆ ಎರಡು, ತವರೊಂದು, ಸೇರಿದ ಮನೆಯೊಂದು. ಕೃಷ್ಣಾತೀರದ ಎಷ್ಟೋ ಹೆಣ್ಣುಮಕ್ಕಳಿಗೆ ಪಂಚಮಿಗೆ ಹೋಗಲು ತವರಿನ ಜನರಿದ್ದಾರೆ, ತವರಿನ ನೆಲವಿಲ್ಲ. ಕೃಷ್ಣಾ ನ್ಯಾಯಾಧಿಕರಣದ 2010ರ ತೀರ್ಪಿನಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿ ಕೊಟ್ಟಿದೆ. ಅದು ಕಾರ್ಯರೂಪಕ್ಕೆ ಬಂದರೆ ಇನ್ನೂ ಕೆಲವು ಊರುಗಳು ಏಳಬೇಕಾಗುವುದು. ಬರಗಾಲದ ಬವಣೆಯನ್ನು ಉಂಡ ಸೀಮೆಯವಳಾಗಿ ನಾನು ನೀರು ಬೇಡವೆನ್ನಲಾರೆ. ಆದರೆ ನೀರಿಗೆ ಎಡೆಕೊಟ್ಟ ಮನೆಗಳ ಲೆಕ್ಕ ಯಾರ ಬಳಿಯಲ್ಲಾದರೂ ಇರಬೇಡವೇ? ನಮಗೆ ಅಕ್ಷರವನ್ನು ಕಲಿಸಿದ್ದಾರೆ. ನಿಮ್ಮ ಮನೆಯಲ್ಲಿಯೂ ಮುಳುಗಿದ ಊರಿನ ಹಿರಿಯರಿದ್ದರೆ, ಒಂದು ಸಂಜೆ ಅವರ ಬಳಿ ಕುಳಿತು ಓಣಿಗಳ, ಬಾವಿಗಳ, ಮರಗಳ ಹೆಸರನ್ನು ಬರೆದುಕೊಳ್ಳಿರಿ. ಮುಂದಿನ ರಜೆಯಲ್ಲಿ ಅವರನ್ನು ಕರೆದುಕೊಂಡು ಈ ಹಾದಿಯಲ್ಲಿ ಒಮ್ಮೆ ಹೋಗಿಬನ್ನಿರಿ.