ಪುರಸೈವಾಕ್ಕಂನ ಡಾಂಬರು, ನಮ್ಮ ಕಾರಿನ ಬಣ್ಣ

ತಮಿಳಿನ ಪುರಸು ಎಂದರೆ ನಮ್ಮ ಮುತ್ತುಗ. ಪುರಸೈವಾಕ್ಕಂಗೆ ಹೆಸರು ಬಂದದ್ದು ಆ ಮರದಿಂದ ಎನ್ನುತ್ತಾರೆ. ಗಂಗಾಧರೇಶ್ವರ ದೇವಸ್ಥಾನದ ಸ್ಥಳವೃಕ್ಷವೂ ಅದೇ. ಈಗ ಹೈರೋಡಿನಲ್ಲಿ ನಿಂತರೆ ಕಾಣುವುದು ಜವಳಿ ಅಂಗಡಿ, ಚಿನ್ನದ ಅಂಗಡಿ, ಹಬ್ಬದ ಮುಂಚಿನ ನೂಕುನುಗ್ಗಲು. ಮಾಧವರಂನಿಂದ ಸಿರುಸೇರಿ ಸಿಪ್‌ಕಾಟ್‌ಗೆ ಹೋಗುವ ಮೆಟ್ರೊ ಮಾರ್ಗವನ್ನು ಈ ಭಾಗದಲ್ಲಿ ನೆಲದಡಿಯಲ್ಲೇ ತಂದಿದ್ದಾರೆ. ಅಗೆದ ಕಡೆಯಲ್ಲೆಲ್ಲ ತೇಪೆ, ತೇಪೆಯ ಮೇಲೆ ಹೊಸ ಡಾಂಬರು.

ರಸ್ತೆಗೆ ಬಳಸುವ ವಿಜಿ-30 ಡಾಂಬರು ಕನಿಷ್ಠ 47 ಡಿಗ್ರಿಯವರೆಗೆ ಮೆತ್ತಗಾಗಬಾರದು ಎನ್ನುತ್ತದೆ ಭಾರತೀಯ ಮಾನಕ. ಮೇ ತಿಂಗಳ ಕತ್ತರಿ ಬಿಸಿಲಿಗೆ ಚೆನ್ನೈನ ಕಪ್ಪು ರಸ್ತೆ ಅದನ್ನೂ ಮೀರಿ ಕಾಯುತ್ತದೆ. ಚಕ್ರ ಎರಚಿದ ಹನಿಗಳು ಬಾಗಿಲಿನ ಕೆಳಭಾಗಕ್ಕೂ ಅಲಾಯ್ ಚಕ್ರಕ್ಕೂ ಅಂಟಿ, ಸಂಜೆಗೆ ಗಟ್ಟಿಯಾಗುತ್ತವೆ.

ಶಾಂಪೂ ನೀರಿಗೆ ಇದು ಜಗ್ಗುವುದಿಲ್ಲ. ಡಾಂಬರು ಹುಟ್ಟಿದ್ದು ಕಚ್ಚಾ ತೈಲದಿಂದ, ಹಾಗಾಗಿ ಕರಗುವುದೂ ಅದರ ಬಳಗದ ಎಣ್ಣೆಯಲ್ಲೇ. ನಮ್ಮ ಬೀದಿಯಲ್ಲಿ ಕೆಲವರು ಪೆಟ್ರೋಲ್ ಬಟ್ಟೆ ಹಿಡಿಯುವುದನ್ನು ನೋಡುತ್ತೇನೆ. ಅದರ ಆವಿಗೆ ಒಂದು ಕಿಡಿ ಸಾಕು. ಪೇಂಟ್ ಅಂಗಡಿಗೆ ಹೋದರೆ ಟರ್ಪೆಂಟೈನ್ ಪಕ್ಕದಲ್ಲೇ ಥಿನ್ನರ್ ಇರುತ್ತದೆ. ಎರಡೂ ಒಂದೇ ಎಂದು ತಿಳಿಯಬೇಡಿ. ಥಿನ್ನರ್ ಬಣ್ಣವನ್ನೇ ಕಿತ್ತೀತು, ಅದರಲ್ಲೂ ಗ್ಯಾರೇಜಿನಲ್ಲಿ ಮರುಬಣ್ಣ ಹೊಡೆಸಿದ ಭಾಗವನ್ನು. ಕೇಳಬೇಕಾದದ್ದು ಮಿನರಲ್ ಟರ್ಪೆಂಟೈನ್, ಇಲ್ಲವೇ ಕಾರಿಗೆಂದೇ ಮಾರುವ ಟಾರ್ ರಿಮೂವರ್.

ಕ್ರಮ ಸರಳ. ಕಾರು ನೆರಳಿನಲ್ಲಿರಲಿ, ಲೋಹ ತಣ್ಣಗಿರಲಿ. ಮೊದಲು ಮಣ್ಣು ಮರಳು ತೊಳೆಯಿರಿ. ಮರಳಿನ ಮೇಲೆ ಉಜ್ಜಿದರೆ ಗೀರು ಖಚಿತ. ಕಣ್ಣಿಗೆ ಬೀಳದ ಮೂಲೆಯಲ್ಲಿ ಒಮ್ಮೆ ಹಚ್ಚಿ ನೋಡಿ. ಮೈಕ್ರೋಫೈಬರ್ ಬಟ್ಟೆಗೆ ತುಸು ಟರ್ಪೆಂಟೈನ್ ಹಾಕಿ ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕಂದು ಬಣ್ಣ ಬಿಡತೊಡಗಿದಾಗ ಮೆಲ್ಲಗೆ ಒರೆಸಿ. ಪ್ರತಿ ಸಲ ಬಟ್ಟೆಯ ಮಡಿಕೆ ಬದಲಿಸಿ. ಚಕ್ರವಾದರೆ ಟೈರಿನ ರಬ್ಬರಿಗೂ ಬ್ರೇಕ್ ಡಿಸ್ಕಿಗೂ ತಾಗಿಸಬೇಡಿ. ಕೊನೆಗೆ ಶಾಂಪೂವಿನಲ್ಲಿ ತೊಳೆದು ವ್ಯಾಕ್ಸ್ ಹಚ್ಚಿ. ಡಾಂಬರಿನ ಜೊತೆ ಹಳೆಯ ವ್ಯಾಕ್ಸ್ ಕೂಡ ಹೋಗಿರುತ್ತದೆ.

ಇನ್ನು ಸ್ಟಿಕ್ಕರ್ ಅಂಟು. 2024ರ ಮೇ 2ರಿಂದ ಚೆನ್ನೈ ಸಂಚಾರ ಪೊಲೀಸರು ಅನಧಿಕೃತ ಸ್ಟಿಕ್ಕರುಗಳಿಗೆ ದಂಡ ಹಾಕತೊಡಗಿದಾಗ ಎಷ್ಟೋ ಕಾರುಗಳ ಮೇಲೆ ಚೌಕಾಕಾರದ ಅಂಟಿನ ಗುರುತಷ್ಟೇ ಉಳಿಯಿತು. ಬೆಂಗಳೂರಿನಿಂದ ಬಂದ ನಮ್ಮವರ ಕಾರಿನಲ್ಲಿ ಹಳೆಯ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸ್ಟಿಕ್ಕರೂ ಇರುತ್ತದೆ. ಬ್ಲೇಡ್ ಬೇಡ. ಕೂದಲು ಒಣಗಿಸುವ ಡ್ರೈಯರ್‌ನಿಂದ ಕೈಗೆ ಬೆಚ್ಚಗೆನಿಸುವಷ್ಟೇ ಕಾಯಿಸಿ, ಮೂಲೆಯಿಂದ ನಿಧಾನವಾಗಿ ಎಳೆಯಿರಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. 12 ತಿಂಗಳು ಮೀರಿ ಇಲ್ಲೇ ಉಳಿಯುವ ಕೆಎ ಗಾಡಿಗೆ ಕಾಯ್ದೆ ಪ್ರಕಾರ ಟಿಎನ್ ನೋಂದಣಿ ಬೇಕು. ಅಷ್ಟು ದುಡ್ಡು ಸುರಿದು ಉಳಿಸಿಕೊಳ್ಳುವ ಗಾಡಿಯ ಬಣ್ಣ ಹತ್ತು ನಿಮಿಷದ ತಾಳ್ಮೆಗೆ ಯೋಗ್ಯ.

ಎಣ್ಣೆ ಬಟ್ಟೆಯನ್ನು ಗಾಳಿಯಲ್ಲಿ ಒಣಗಿಸಿ ಕಸಕ್ಕೆ ಹಾಕಿ, ಉಳಿದ ಟರ್ಪೆಂಟೈನನ್ನು ಮುಚ್ಚಳ ಬಿಗಿದು ಮಕ್ಕಳ ಕೈಗೆ ಸಿಗದಂತೆ ಇಡಿ. ಬೀದಿಯ ಮಳೆನೀರು ಚರಂಡಿಗೆ ಸುರಿಯಬೇಡಿ. ಈ ಕಡೆಯ ನೀರು ಓಟ್ಟೇರಿ ನಾಲೆ ಸೇರಿ, ಅಲ್ಲಿಂದ ಬಕಿಂಗ್‌ಹ್ಯಾಮ್ ಕಾಲುವೆಗೆ ಹೋಗುತ್ತದೆ. ಅಲ್ಲಿ ಕಪ್ಪು ಈಗಾಗಲೇ ಸಾಕಷ್ಟಿದೆ.