ಹಿಮದಲ್ಲೊಂದು ತೆರೆದ ಬಾಗಿಲು

ಈ ಶಾಲೆಯ ವಿದ್ಯಾರ್ಥಿನಿ ನಿಲಯದಲ್ಲಿ ನಮ್ಮೊಡನೆ ಬೆಳೆದ ಸೋದರಿಯರಿಗೆ ಊಟದ ಕೋಣೆಯ ಗೋಡೆಯ ಮೇಲಿದ್ದ ಹಿಮದ ಚಿತ್ರವು ಮರೆತಿರಲಾರದು. ಹಿಮವನ್ನು ಕಣ್ಣಾರೆ ಕಾಣದ ನಾವು ಅದನ್ನು ಮೊದಲು ಅರಳೆಯ ರಾಶಿಯೆಂದೇ ಬಗೆದೆವು. ಯಾವುದೋ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಆ ಪ್ರತಿಯ ವೃತ್ತಾಂತವನ್ನು ನಮಗೆ ಮೊದಲು ತಿಳಿಸಿದವರು ನಮ್ಮ ಉಪಾಧ್ಯಾಯಿನಿಯವರೊಬ್ಬರು.

ಮೂಲಚಿತ್ರವನ್ನು ಬರೆದವನು ಜಾರ್ಜ್ ಹೆನ್ರಿ ಡ್ಯೂರಿ. ಈತನು 1820ರಲ್ಲಿ ಅಮೇರಿಕದ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ ಪಟ್ಟಣದಲ್ಲಿ ಜನಿಸಿದನು. ಮೊದಲು ಜನರ ಮುಖಚಿತ್ರಗಳನ್ನು ಬರೆದು ಜೀವಿಸುತ್ತಿದ್ದು, ಬಳಿಕ ಚಳಿಗಾಲದ ಹಳ್ಳಿಮನೆಗಳಲ್ಲಿ ಮನಸ್ಸಿಟ್ಟನು. ಮಹಾಪರ್ವತಗಳನ್ನೂ ಜಲಪಾತಗಳನ್ನೂ ಬರೆದು ಅಂದಿನ ಬೇರೆ ಚಿತ್ರಗಾರರು ಕೀರ್ತಿವಂತರಾಗುತ್ತಿರಲು, ಈತನು ಕೊಟ್ಟಿಗೆ, ಸೌದೆ, ಎಲೆಯುದುರಿದ ಮರ, ಹೊಗೆಯಾಡುವ ಮನೆ ಇಷ್ಟರಲ್ಲಿಯೇ ತೃಪ್ತನಾದನು.

ನಮ್ಮ ಗೋಡೆಯ ಚಿತ್ರದ ಹೆಸರು ‘ಕೃತಜ್ಞತಾದಿನಕ್ಕೆ ಮನೆಗೆ’ ಎಂದು. ನವೆಂಬರಿನಲ್ಲಿ ಬರುವ ಆ ಹಬ್ಬಕ್ಕೆ ದೂರದ ಮಕ್ಕಳು ಮನೆ ಸೇರುವದು ಅಲ್ಲಿಯ ವಾಡಿಕೆ. ಹಿಮದ ಮೇಲೆ ಜಾರುಬಂಡಿಯು ನಿಂತಿದೆ. ಬಂದವನನ್ನು ತಾಯಿತಂದೆಗಳು ಬಾಗಿಲಲ್ಲಿ ಎದುರುಗೊಳ್ಳುತ್ತಿದ್ದಾರೆ. ನ್ಯೂ ಯಾರ್ಕಿನ ಕರಿಯರ್ ಮತ್ತು ಐವ್ಸ್ ಎಂಬವರು 1867ರಲ್ಲಿ ಇದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಡ್ಯೂರಿಯು 1863ರಲ್ಲಿಯೇ ತೀರಿಕೊಂಡಿದ್ದನು. 1861ರಿಂದ 1865ರ ವರೆಗೆ ನಡೆದ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಮಿಕ್ಕ ಸೈನಿಕರು ಮಡಿದಿದ್ದರು. ಮಗನು ಮರಳದ ಮನೆಗಳಲ್ಲಿಯೂ ಈ ಚಿತ್ರವು ತೂಗಿದ್ದಿರಬೇಕು.

ಆ ಮುದ್ರಣಾಲಯದ ಕಲ್ಲು ಕೊಡುತ್ತಿದ್ದುದು ಬಹುಮಟ್ಟಿಗೆ ಕಪ್ಪು ಗೆರೆಗಳನ್ನು ಮಾತ್ರ. ಬಣ್ಣವಿಡುತ್ತಿದ್ದವರು ಉದ್ದನೆಯ ಮೇಜಿನ ಸುತ್ತ ಕುಳಿತ ಹೆಂಗಸರು. ಒಬ್ಬೊಬ್ಬಳು ಒಂದೊಂದು ಬಣ್ಣವನ್ನು ಹಚ್ಚಿ ಹಾಳೆಯನ್ನು ಪಕ್ಕದವಳಿಗೆ ಸರಿಸುವಳು. ಚಿತ್ರದ ಅಡಿಯಲ್ಲಿ ಅವರ ಹೆಸರುಗಳಿಲ್ಲ.

ರಜೆಯ ಹಿಂದಿನ ರಾತ್ರಿ, ಜಾರುಬಂಡಿಯಲ್ಲಿ ಬಂದವರು ನಾವೇ ನಾವೇ ಎಂದು ನಾವು ಜಗಳವಾಡುತ್ತಿದ್ದೆವು. ತಾಯಿತಂದೆಗಳಿಲ್ಲದ ಗೆಳತಿಯೊಬ್ಬಳು ಮಾತ್ರ ಸುಮ್ಮನಿರುತ್ತಿದ್ದಳು. ರಜೆಯಲ್ಲಿ ಆಕೆಯು ನಿಲಯದಲ್ಲಿಯೇ ಉಳಿಯುವಳೆಂಬುದನ್ನು ಬಲ್ಲವರಾಗಿಯೂ ನಾವು ಆಕೆಯ ಮುಂದೆಯೇ ಹಾಗೆ ಆಡಿದೆವು. ಒಮ್ಮೆ ಚಿಕ್ಕ ಹುಡುಗಿಯೊಬ್ಬಳು, “ಅಕ್ಕಾ, ಇದರಲ್ಲಿ ನೀನು ಯಾರು?” ಎಂದು ಕೇಳಿಬಿಟ್ಟಳು. ಆಕೆಯು ಚಿತ್ರವನ್ನು ತುಸುಹೊತ್ತು ನೋಡಿ, “ನಾನು ಬಾಗಿಲು ತೆಗೆದವಳು” ಎಂದಳು. ನಾವು ತಲೆ ತಗ್ಗಿಸಿದೆವು.

ರಜೆ ಮುಗಿದು ಮಳೆಯಲ್ಲಿ ನೆನೆದು ನಾವು ಹಿಂದಿರುಗಿದಾಗ ಬಾಗಿಲಲ್ಲಿ ದೀಪ ಹಿಡಿದು ನಿಂತಿದ್ದವಳು ಆಕೆಯೇ. “ಒಳಗೆ ಬನ್ನಿರೇ, ನೀರು ಕಾದಿದೆ” ಎಂದಳು. ಹಿಂದೆ ಪ್ರತಿಸಲವೂ ಆಕೆಯು ಹಾಗೆಯೇ ನಿಂತಿದ್ದಳು; ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಆ ಚಿತ್ರವನ್ನು ಗೆದ್ದಲು ತಿಂದು ಬಹುಕಾಲವಾಯಿತು. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದು ಶಾಲೆಯ ಮೆಟ್ಟಿಲೇರುವ ಸೋದರಿಯರೇ, ಒಳಗೆ ಅಡಿಯಿಡುವ ಮುನ್ನ ಒಂದು ಗಳಿಗೆ ನಿಂತು, ಹೆಸರಿಲ್ಲದೆ ಬಣ್ಣವಿಟ್ಟವರನ್ನೂ ನಮಗಾಗಿ ಬಾಗಿಲು ತೆಗೆದವಳನ್ನೂ ನೆನೆಯಿರೆಂದು ಬೇಡುತ್ತೇವೆ.