ಓಲ್ಮ್‌ಸ್ಟೆಡ್ ಪಾರ್ಕಿನಿಂದ ಅಕ್ಕನಿಗೆ

ಬ್ರೂಕ್‌ಲೈನ್, ಜೂನ್

ಪ್ರೀತಿಯ ಅಕ್ಕ,

ಫೋನಿನಲ್ಲಿ ಆಡಲಾಗದ ಮಾತು, ಅದಕ್ಕೇ ಈ ಕಾಗದ. ನಾನು ಫೋನ್ ಮಾಡಿದಾಗೆಲ್ಲ ಅಪ್ಪ ನಿನ್ನ ಪಕ್ಕದಲ್ಲೇ ಕೂತಿರುತ್ತಾರಲ್ಲ.

ನಾನು ಸಂಜೆ ವಾಕಿಂಗ್ ಹೋಗುವುದು ಓಲ್ಮ್‌ಸ್ಟೆಡ್ ಪಾರ್ಕಿಗೆ. ಬಾಸ್ಟನ್ನಿಗೂ ನಮ್ಮ ಬ್ರೂಕ್‌ಲೈನಿಗೂ ಗಡಿಯಾಗಿ ಹರಿಯುವ ಮಡ್ಡಿ ರಿವರ್ ದಂಡೆಯಲ್ಲಿದೆ. ಒಂದು ಕಾಲದಲ್ಲಿ ಚರಂಡಿ ನೀರು ಸೇರಿ ನಾರುತ್ತಿದ್ದ ಹೊಳೆ ಅದು. ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಅದರ ಪಾತ್ರವನ್ನೇ ತಿದ್ದಿಸಿ, ಜೌಗನ್ನು ಅಗೆಸಿ ಲೆವೆರೆಟ್ ಕೊಳ ಮಾಡಿಸಿ, ದಂಡೆಗಳಿಗೆ ಗಿಡಮರ ನೆಡಿಸಿದರು. ಈಗ ನೋಡಿದವರಿಗೆ ಮನುಷ್ಯರ ಕೈ ಬಿದ್ದಿದೆ ಅಂತ ಅನ್ನಿಸುವುದೇ ಇಲ್ಲ. 1858ರಲ್ಲಿ ಕ್ಯಾಲ್ವರ್ಟ್ ವಾಕ್ಸ್ ಜೊತೆ ಸೇರಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ನಕ್ಷೆ ಹಾಕಿದವರೂ ಇವರೇ. ನನಗೆ ಮಾತ್ರ ಆ ದೊಡ್ಡದಕ್ಕಿಂತ ನಮ್ಮ ಬೀದಿಯ ಜನ ನಾಯಿ ಹಿಡಿದುಕೊಂಡು ಬರುವ ಈ ಪಾರ್ಕೇ ಇಷ್ಟ.

ಅವರು 1883ರಲ್ಲಿ ಬ್ರೂಕ್‌ಲೈನಿಗೇ ಬಂದು ನೆಲೆಸಿದರು. ಆ ಮನೆ, ಫೇರ್‌ಸ್ಟೆಡ್, ಈಗಲೂ ಇದೆ. 1895ರ ಹೊತ್ತಿಗೆ ಮರೆವು ಹತ್ತಿ ಕೆಲಸ ಬಿಡಬೇಕಾಯಿತು. 1898ರಲ್ಲಿ ಮನೆಯವರು ಮೆಕ್‌ಲೀನ್ ಆಸ್ಪತ್ರೆಗೆ ಸೇರಿಸಿದರು. ವಿಪರ್ಯಾಸ ನೋಡು, ಆ ಆಸ್ಪತ್ರೆಯ ಜಾಗದ ಬಗ್ಗೆ ಹಿಂದೆ ಸಲಹೆ ಕೊಟ್ಟವರು ಅವರೇ! 1903ರಲ್ಲಿ ಅಲ್ಲೇ ತೀರಿಕೊಂಡರು.

ಈ ಪಾರ್ಕಿಗೆ ಮೊದಲು ಲೆವೆರೆಟ್ ಪಾರ್ಕ್ ಅಂತ ಹೆಸರಿತ್ತು. ಓಲ್ಮ್‌ಸ್ಟೆಡ್ ಹೆಸರಿಟ್ಟದ್ದು 1900ರಲ್ಲಿ. ನೀನೇ ಲೆಕ್ಕ ಹಾಕು. ಅವರು ಬದುಕಿದ್ದರು, ಆದರೆ ಆಗಲೇ ಆಸ್ಪತ್ರೆಯಲ್ಲಿದ್ದರು. ಊರಿನವರ ಮನಸ್ಸು ದೊಡ್ಡದೇ, ಆದರೆ ಐದಾರು ವರ್ಷ ತಡವಾಯಿತು.

ಹೋದ ವಾರ ಅಪ್ಪ ಫೋನಿನಲ್ಲಿ ನನ್ನನ್ನು "ಯಾವ ಬ್ಯಾಚು?" ಅಂತ ಕೇಳಿದರು. ನಾನೂ ಅವರ ವಿದ್ಯಾರ್ಥಿನಿಯ ಹಾಗೇ ಉತ್ತರ ಕೊಟ್ಟೆ. ಖುಷಿಪಟ್ಟರು. ಶಾಲೆ ಇನ್ನೂ ನೆನಪಿದೆ ಅಕ್ಕ, ಹುಡುಗರ ಹೆಸರೂ ಅಷ್ಟಿಷ್ಟು ಉಳಿದಿವೆ.

ಹಳೇ ವಿದ್ಯಾರ್ಥಿಗಳು ಗುರುವಂದನೆಯನ್ನು ಮುಂದಿನ ವರ್ಷ ಶಾಲೆಯ ಸುವರ್ಣ ಮಹೋತ್ಸವಕ್ಕೆ ಸೇರಿಸಿ ಅದ್ದೂರಿಯಾಗಿ ಮಾಡುತ್ತಾರಂತೆ ಅಂದೆಯಲ್ಲ. ದಯವಿಟ್ಟು ಬೇಡ ಅನ್ನು. ಶಾಮಿಯಾನ, ಮಂತ್ರಿಗಳು ಯಾವುದೂ ಬೇಕಿಲ್ಲ. ಈ ದಸರಾ ರಜೆಯಲ್ಲೇ, ಹತ್ತು ಜನ ಬಂದರೂ ಸಾಕು, ಮನೆಯ ಹಜಾರದಲ್ಲೇ ಒಂದು ಶಾಲು ಹೊದಿಸಲಿ. ನಾನು ರಜೆ ಹಾಕಿ ಬರುತ್ತೇನೆ. ದಿನ ಗೊತ್ತು ಮಾಡಿ ಬೇಗ ತಿಳಿಸು.

ನಿನ್ನ ತಂಗಿ